ಬಟವಾಡೆಯ ದಿನ ತೆರೆಯದ ಕಿಟಕಿ: ದೊಡ್ಡ ಕಂಪನಿಗಳು ಹೊಸ ಬ್ರೌಸರ್‌ಗೆ ತಡಮಾಡುವುದೇಕೆ

2015ರ ಜನವರಿಯ ಒಂದು ಶನಿವಾರ. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿದ್ದ ದಿನಗಳು. ಬೆಂಗಳೂರಿನಿಂದ ರಜೆಗೆಂದು ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಣ್ಣ ಫೋನ್ ಮಾಡಿದರು. "ಮಾರಾಯ, ಸ್ವಲ್ಪ ಆಫೀಸ್ ಹತ್ರ ಬಂದು ಹೋಗ್ತೀಯಾ? ಬಟವಾಡೆ ನಿಂತುಹೋಗಿದೆ."

ಹೋಗಿ ನೋಡಿದರೆ ಆಫೀಸಿನ ಜಗಲಿ ತುಂಬಾ ಜನ. ಲೈನ್ ಮನೆಗಳಿಂದ ಬಂದವರು, ಕೊಯ್ಲಿಗೆಂದು ಹೊರಗಿನಿಂದ ಬಂದವರು, ಮಡಿಲಲ್ಲಿ ಮಗು ಮಲಗಿಸಿಕೊಂಡ ಹೆಂಗಸರು. ಮರುದಿನ ಸಂತೆ. ಒಳಗೆ ಮೇಜಿನ ಮೇಲೆ ಹೊಚ್ಚ ಹೊಸ ಕಂಪ್ಯೂಟರ್. ಹಳೆಯದು ಕೈಕೊಟ್ಟಿತ್ತೆಂದು ಅದೇ ವಾರ ಹೆಡ್ ಆಫೀಸಿನಿಂದ ಬಂದಿತ್ತು. ಅದರಲ್ಲಿ ವೆಬ್ ಪುಟ ತೆರೆಯುವ ಗೂಗಲ್‌ನ ಬ್ರೌಸರ್ ಕ್ರೋಮ್ ಇತ್ತು. ಸಂಬಳದ ಪುಟ ತೆರೆಯಿತು, ಪಾಸ್‌ವರ್ಡ್ ಒಪ್ಪಿಕೊಂಡಿತು, ಚೆಕ್‌ರೋಲಿನ, ಅಂದರೆ ಕೂಲಿಯವರ ಹಾಜರಿ ಪಟ್ಟಿಯ, ಹೆಸರುಗಳೂ ಸಾಲಾಗಿ ಬಂದವು. ಆದರೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಆರಿಸುವ ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ತಪ್ಪಾಗಿದೆ ಎಂಬ ಸಂದೇಶವೂ ಇಲ್ಲ. ರೈಟರಣ್ಣ ಒತ್ತಿದರು, ಮತ್ತೆ ಒತ್ತಿದರು, ನನ್ನ ಮುಖ ನೋಡಿದರು.

ಅದೇ ಕಂಪ್ಯೂಟರಿನಲ್ಲಿದ್ದ ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹುಡುಕಿ, ಹಳೆಯ ಪುಟಗಳಿಗೆಂದೇ ಇರುವ ಹೊಂದಾಣಿಕೆಯ ಸೆಟ್ಟಿಂಗ್ ಹಾಕಿ ಅದೇ ಪುಟ ತೆರೆದೆ. ಗುಂಡಿ ಒತ್ತಿದ ಕೂಡಲೇ ಪುಟ್ಟ ಕ್ಯಾಲೆಂಡರ್ ಕಿಟಕಿ ಎದ್ದು ಬಂತು. ಐದೂವರೆಗೆ ಎಲ್ಲರ ಕೈಗೂ ಕೂಲಿ ಸೇರಿತು. ಬಾಗಿಲು ಹಾಕುವಾಗ ರೈಟರಣ್ಣ ಕೇಳಿದರು: "ನನ್ನ ಮಗನ ಮೊಬೈಲಲ್ಲಿ ಮಲಗಿ ಏಳೋಷ್ಟರಲ್ಲಿ ಎಲ್ಲ ಹೊಸದಾಗಿರುತ್ತೆ. ಇಷ್ಟು ದೊಡ್ಡ ಕಂಪನಿ. ತಮ್ಮ ಪುಟವನ್ನ ಹೊಸ ಬ್ರೌಸರಿಗೆ ಸರಿ ಮಾಡ್ಕೊಳ್ಳೋಕೆ ಇವರಿಗೆ ಏನು ಕಷ್ಟ?"

ಆಗ ನಾನು ಬೆಂಗಳೂರಿನ ಇನ್ನೊಂದು ದೊಡ್ಡ ಕಂಪನಿಯಲ್ಲಿ ಇದೇ ಕೆಲಸದಲ್ಲಿದ್ದೆ. ಸಾವಿರಾರು ಕಂಪ್ಯೂಟರುಗಳಿಗೆ ಹೊಸ ಬ್ರೌಸರ್ ಹಾಕುವ ಮುಂಚೆ ಏನೇನು ಮುರಿಯುತ್ತದೆ ಎಂದು ನೋಡುವ ಕೆಲಸ. ಆದರೂ ಆ ಸಂಜೆ ಅವರಿಗೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಉತ್ತರ ಉದ್ದವಿದೆ.

ಮೊದಲು ಆ ಗುಂಡಿಯ ಕಥೆ. ವೆಬ್ ಪುಟವೆಂದರೆ ಚಿತ್ರವಲ್ಲ, ಬರೆದ ಸೂಚನೆಗಳು. ಇಲ್ಲಿ ಪಟ್ಟಿ ಹಾಕು, ಇಲ್ಲಿ ಗುಂಡಿ ಇಡು, ಒತ್ತಿದರೆ ಹೀಗೆ ಮಾಡು ಅಂತ. ಆ ಸೂಚನೆಗಳನ್ನು ಓದಿ ಪರದೆಯ ಮೇಲೆ ಮಾಡಿ ತೋರಿಸುವುದು ಬ್ರೌಸರಿನ ಕೆಲಸ. ಎಲ್ಲ ಬ್ರೌಸರುಗಳೂ ಎಲ್ಲ ಸೂಚನೆಗಳನ್ನೂ ಒಂದೇ ರೀತಿ ಓದುವುದಿಲ್ಲ. ಆ ಸಂಬಳದ ಪುಟದಲ್ಲಿದ್ದ ಸೂಚನೆ ಹೀಗಿತ್ತು: ಒಂದು ಚಿಕ್ಕ ಕಿಟಕಿ ತೆರೆ, ಅದರಿಂದ ಉತ್ತರ ಬರುವವರೆಗೆ ಹಿಂದಿನ ಪುಟವನ್ನು ಹಾಗೇ ನಿಲ್ಲಿಸು. ಶೋ ಮೋಡಲ್ ಡೈಲಾಗ್ ಎಂದು ಅದರ ಹೆಸರು. ಮೈಕ್ರೋಸಾಫ್ಟ್ ತನ್ನ ಬ್ರೌಸರಿಗೆ ತಂದದ್ದು, ಆಮೇಲೆ ಬೇರೆಯವರೂ ಸೇರಿಸಿಕೊಂಡಿದ್ದರು. 2014ರ ಆಗಸ್ಟಿನಲ್ಲಿ ಬಂದ ಕ್ರೋಮ್ 37 ಅದನ್ನು ನಿಲ್ಲಿಸಿತು. ಕಾರಣ ಸರಿಯಾದದ್ದೇ. ಇಡೀ ಪುಟವನ್ನೇ ಕಟ್ಟಿಹಾಕುವ ಆ ಪದ್ಧತಿ ಹಳೆಯದಾಗಿತ್ತು, ಬ್ರೌಸರಿನ ಒಳಗಿನ ಕೆಲಸವನ್ನು ಗೋಜಲು ಮಾಡುತ್ತಿತ್ತು, ಬಳಸುವ ಪುಟಗಳೂ ತೀರಾ ಕಡಿಮೆ ಎಂದು ಗೂಗಲ್ ಲೆಕ್ಕ ಹಾಕಿತ್ತು.

ಆದರೆ ಆ ಲೆಕ್ಕದ ಕಣ್ಣಿಗೆ ಹೆಚ್ಚಾಗಿ ಬೀಳುವುದು ಎಲ್ಲರೂ ನೋಡುವ ವೆಬ್. ಕಂಪನಿಯ ಒಳಗಿನ ಸಂಬಳದ ಪುಟ, ಗೋದಾಮಿನ ಪುಟ, ರಜೆ ಕೇಳುವ ಪುಟ ಹೊರಗಿನವರಿಗೆ ಕಾಣುವಂಥದ್ದಲ್ಲ. ಅಂಥ ಪುಟಗಳಲ್ಲಿ ಈ ಕಿಟಕಿ ಎಲ್ಲೆಂದರಲ್ಲಿ ಇತ್ತು. ಗೂಗಲ್‌ಗೆ ಅಷ್ಟು ಗೊತ್ತಿತ್ತು. ಕಂಪನಿಗಳು ಬೇಕಾದರೆ ಅದನ್ನು ಮತ್ತೆ ಚಾಲೂ ಮಾಡಿಕೊಳ್ಳಲು 2015ರ ಮೇ ತನಕ ಒಂದು ಸೆಟ್ಟಿಂಗ್ ಬಿಟ್ಟಿತ್ತು. ಎಸ್ಟೇಟಿಗೆ ಬಂದ ಆ ಹೊಸ ಕಂಪ್ಯೂಟರಿಗೆ ಆ ಸೆಟ್ಟಿಂಗ್ ಹಾಕಿ ಕಳಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ, ಅಷ್ಟೇ. ಜಗಲಿಯಲ್ಲಿ ಎರಡೂವರೆ ಗಂಟೆ ಕಾದವರು ಅದರ ಬೆಲೆ ತೆತ್ತರು.

ಮನೆಯ ಬ್ರೌಸರಿಗೂ ಕಂಪನಿಯ ಬ್ರೌಸರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಮನೆಯಲ್ಲಿ ಬ್ರೌಸರ್ ಹೊರಗೆ ನೋಡುವ ಕಿಟಕಿ. ಒಂದು ಸೈಟ್ ಸರಿ ಕಾಣದಿದ್ದರೆ ಇನ್ನೊಂದಕ್ಕೆ ಹೋಗುತ್ತೇವೆ. ಕಂಪನಿಯಲ್ಲಿ ಅದು ನೆಲ. ಅದರ ಮೇಲೆ ಸಂಬಳ, ಖರೀದಿ, ಸಾಗಣೆ, ಲೆಕ್ಕಪತ್ರ ಎಲ್ಲವೂ ನಿಂತಿವೆ.

ಇದು ಹೀಗಾದದ್ದು ಹೇಗೆಂದು ತಿಳಿಯಲು 2001ಕ್ಕೆ ಹೋಗಬೇಕು. ಆ ವರ್ಷ ವಿಂಡೋಸ್ ಎಕ್ಸ್‌ಪಿ ಜೊತೆಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂತು. ಅದರ ಎದುರಾಳಿ ಬ್ರೌಸರ್ ನೆಟ್‌ಸ್ಕೇಪ್ ಸೋತುಹೋಗಿತ್ತು. ಒಂದೆರಡು ವರ್ಷದಲ್ಲಿ ಜಗತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಕೈಯಲ್ಲಿ ಮೈಕ್ರೋಸಾಫ್ಟ್‌ನ ಬ್ರೌಸರೇ ಇತ್ತು. ಎದುರಾಳಿ ಇಲ್ಲದ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿ ತರಲು 2006ರ ಅಕ್ಟೋಬರ್‌ವರೆಗೆ ಕಾಯಿತು. ಆ ಐದು ವರ್ಷದಲ್ಲಿ ಕಂಪನಿಗಳು ಕಾಗದದಲ್ಲಿದ್ದ ಕೆಲಸವನ್ನೆಲ್ಲ ವೆಬ್ ಪುಟಕ್ಕೆ ತಂದವು. ಬರೆದವರು ಒಂದೇ ಬ್ರೌಸರಿನಲ್ಲಿ ನೋಡಿ, ಸರಿ ಕಂಡರೆ ಮುಗಿಯಿತು ಎಂದುಕೊಂಡರು. ಆ ಬ್ರೌಸರಿನ ತಪ್ಪುಗಳೂ ಅವರ ಪುಟದ ಭಾಗವಾದವು. ಒಂದು ಪೆಟ್ಟಿಗೆಯ ಅಗಲವನ್ನು ಅದು ತಪ್ಪಾಗಿ ಅಳೆದರೆ, ಆ ತಪ್ಪಿಗೆ ಸರಿಹೊಂದುವ ಹಾಗೆ ಪುಟ ಬರೆದರು. ಮುಂದೆ ಬ್ರೌಸರ್ ತಪ್ಪು ತಿದ್ದಿಕೊಂಡಾಗ ಕೆಟ್ಟದ್ದು ಪುಟ.

ಇದಕ್ಕಿಂತ ದೊಡ್ಡ ಗಂಟು ಆ್ಯಕ್ಟಿವ್‌ಎಕ್ಸ್. 1996ರಲ್ಲಿ ಮೈಕ್ರೋಸಾಫ್ಟ್ ತಂದ ಈ ತಂತ್ರದಲ್ಲಿ ಪುಟದ ಒಳಗೆ ಒಂದು ಪೂರ್ತಿ ವಿಂಡೋಸ್ ಪ್ರೋಗ್ರಾಂ ಕೂರಬಹುದು, ಅದು ಕಂಪ್ಯೂಟರಿನ ಹಾರ್ಡ್‌ವೇರನ್ನೂ ಮುಟ್ಟಬಹುದು. ನಾನು ಕೆಲಸ ಮಾಡಿದ ಕಡೆ ಸರಕು ತೂಗುವ ಒಂದು ಪುಟವಿತ್ತು. ಮೂಟೆಯನ್ನು ತಕ್ಕಡಿಯ ಮೇಲಿಟ್ಟರೆ ತೂಕ ಕೇಬಲ್ಲಿನಲ್ಲಿ ಬಂದು ತಾನಾಗಿ ಪುಟದ ಖಾನೆಯಲ್ಲಿ ಕೂರುತ್ತಿತ್ತು. ಯಾರೂ ಕೈಯಲ್ಲಿ ಬರೆಯುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಕಾಫಿ ಮಾರುವವರಿಗೆ ಗೊತ್ತು, ತೂಕದಲ್ಲಿ ಅರ್ಧ ಕಿಲೋ ಮತ್ತು ಸಿಪ್ಪೆ ತೆಗೆದ ಮೇಲೆ ಸಿಗುವ ಬೇಳೆಯ ಪ್ರಮಾಣವಾದ ಔಟ್‌ಟರ್ನಿನಲ್ಲಿ ಒಂದು ಅಂಕಿ ಎಷ್ಟು ಮಾತಿಗೆ ದಾರಿ ಮಾಡುತ್ತದೆಂದು. ಆ ಕಾಲಕ್ಕೆ ಅದು ಒಳ್ಳೆಯ ವ್ಯವಸ್ಥೆ. ಆದರೆ ಬೇರೆ ಬ್ರೌಸರುಗಳಾದ ಫೈರ್‌ಫಾಕ್ಸಿನಲ್ಲಿ, ಕ್ರೋಮಿನಲ್ಲಿ ಆ್ಯಕ್ಟಿವ್‌ಎಕ್ಸ್ ಇರಲೇ ಇಲ್ಲ. ಬ್ರೌಸರ್ ಬದಲಿಸುವುದೆಂದರೆ ತಕ್ಕಡಿಯ ಜೋಡಣೆಯನ್ನೇ ಹೊಸದಾಗಿ ಮಾಡುವುದು.

ಕನ್ನಡ ಓದುವವರಿಗೆ ಇದರ ರುಚಿ ಬೇರೆ ದಾರಿಯಿಂದಲೂ ಸಿಕ್ಕಿತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡ್ ಇನ್ನೂ ಬಳಕೆಗೆ ಬರುವ ಮುಂಚೆ ಎಷ್ಟೋ ಕನ್ನಡ ತಾಣಗಳು ಡೈನಾಮಿಕ್ ಫಾಂಟ್ ಎಂಬ ಉಪಾಯ ಹೂಡಿದ್ದವು. ಪುಟದ ಜೊತೆಗೇ ಅಕ್ಷರದ ಅಚ್ಚು ಇಳಿದು ಬರುತ್ತಿತ್ತು. ಅದರ ಇಓಟಿ ಎಂಬ ಮಾದರಿಯನ್ನು ಓದಬಲ್ಲದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ. ಅದರಲ್ಲಿ ಚಂದದ ಕನ್ನಡ. ಅದೇ ಪುಟ ಫೈರ್‌ಫಾಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ವಿಚಿತ್ರ ಗುರುತುಗಳ ರಾಶಿ. ಹೊಸ ಬ್ರೌಸರ್ ಇಷ್ಟವಾಗಿದ್ದರೂ ಊರಿನ ಸುದ್ದಿ ಓದಲು ಹಳೆಯದಕ್ಕೇ ಮರಳುತ್ತಿದ್ದ ದಿನಗಳು ನನಗೆ ನೆನಪಿವೆ. ಒಬ್ಬ ಓದುಗನ ಪಾಡೇ ಹೀಗಿದ್ದಾಗ, ಇಂಥ ನೂರು ಪುಟಗಳಿರುವ ಕಂಪನಿಯ ಪಾಡು ಊಹಿಸಬಹುದು.

ಡಿಜಿಟಲ್ ಸಹಿಯದ್ದೂ ಇದೇ ಜಾತಿಯ ಕಥೆ. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಸಹಿ ಇರುವುದು ಪೆನ್ ಡ್ರೈವ್ ಥರದ ಟೋಕನ್‌ನಲ್ಲಿ. ಅದನ್ನು ಪುಟಕ್ಕೆ ಮುಟ್ಟಿಸಲು ಟೆಂಡರ್ ತಾಣಗಳು ಜಾವಾ ಆ್ಯಪ್ಲೆಟ್ ಎಂಬ ತುಣುಕನ್ನು ನೆಚ್ಚಿದ್ದವು. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ 45 ಅಂಥ ಪ್ಲಗಿನ್‌ಗಳಿಗೆ, ಅಂದರೆ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ತುಣುಕುಗಳಿಗೆ, ಬಾಗಿಲು ಹಾಕಿತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 52 ಕೂಡ. ಮಡಿಕೇರಿಯಲ್ಲಿ ನನಗೆ ಪರಿಚಯದ ಒಬ್ಬ ಗುತ್ತಿಗೆದಾರರು ಟೆಂಡರ್ ಹಾಕುವುದಕ್ಕೆಂದೇ ಒಂದು ಹಳೆಯ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಅದಕ್ಕೆ ಇಂಟರ್ನೆಟ್ ಕೊಡುತ್ತಿದ್ದದ್ದು ಟೆಂಡರ್ ದಿನ ಮಾತ್ರ, ಅಪ್‌ಡೇಟ್ ಆಗಿಬಿಟ್ಟರೆ ಎಂಬ ಹೆದರಿಕೆಗೆ. ದಕ್ಷಿಣ ಕೊರಿಯಾದಲ್ಲಿ ಇಡೀ ದೇಶವೇ ಹೀಗೆ ಸಿಕ್ಕಿಬಿದ್ದಿತ್ತು. 1999ರಿಂದ ಅಲ್ಲಿನ ಬ್ಯಾಂಕು, ಸರ್ಕಾರಿ ಕೆಲಸಗಳ ಡಿಜಿಟಲ್ ಸಹಿ ಆ್ಯಕ್ಟಿವ್‌ಎಕ್ಸ್ ಮೇಲೆ ನಿಂತಿತು. ಆ ಹಳೆಯ ಪ್ರಮಾಣಪತ್ರಕ್ಕಿದ್ದ ವಿಶೇಷ ಸ್ಥಾನವನ್ನು ಕಾನೂನಿನಿಂದ ತೆಗೆಯುವಷ್ಟರಲ್ಲಿ 2020ರ ಡಿಸೆಂಬರ್ ಆಗಿತ್ತು.

ಹಾಗಾದರೆ ಪುಟಗಳನ್ನು ಹೊಸದಾಗಿ ಬರೆದುಬಿಡಬಾರದೇ? ರೈಟರಣ್ಣ ಕೇಳಿದ್ದು ಇದನ್ನೇ.

ಬರೆಯಬಹುದು. ಯಾರು ಬರೆಯಬೇಕು ಎಂಬಲ್ಲಿ ನಿಲ್ಲುತ್ತದೆ. ದೊಡ್ಡ ಕಂಪನಿಯಲ್ಲಿ ಇಂಥ ಪುಟಗಳು ಹತ್ತಲ್ಲ, ನೂರಾರು. ಕೆಲವನ್ನು ಒಳಗಿನವರೇ ಬರೆದಿರುತ್ತಾರೆ, ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಕೆಲವನ್ನು ಹೊರಗಿನವರಿಂದ ಕೊಂಡಿರುತ್ತಾರೆ. ಕೊಟ್ಟವರು ಇಂಥ ಬ್ರೌಸರ್, ಇಂಥ ಆವೃತ್ತಿ ಎಂದು ಒಪ್ಪಂದದಲ್ಲಿ ಬರೆದಿರುತ್ತಾರೆ. ಬೇರೆಯದರಲ್ಲಿ ತೆರೆದು ಏನಾದರೂ ಎಡವಟ್ಟಾದರೆ "ಅದು ನಮ್ಮ ಹೊಣೆಯಲ್ಲ" ಎನ್ನುತ್ತಾರೆ. ಹೊಸ ಆವೃತ್ತಿ ಬೇಕೆಂದರೆ ಹೊಸ ದುಡ್ಡು. ನಾನು ಮೊದಲು ಕೈಹಾಕಿದ ಪಟ್ಟಿಯಲ್ಲಿ ಎಷ್ಟೋ ಪುಟಗಳ ಎದುರು ಹೊಣೆಗಾರರ ಖಾನೆ ಖಾಲಿ ಇತ್ತು. ಯಾರೂ ಬಳಸುವುದಿಲ್ಲ ಎಂದುಕೊಂಡ ಒಂದು ಪುಟವನ್ನು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಲ್ಲಿ, ಲೆಕ್ಕ ಮುಗಿಸುವ ಒಬ್ಬರೇ ಒಬ್ಬರು ಬಳಸುತ್ತಿದ್ದರು. ಆ ಪುಟ ಇಲ್ಲದಿದ್ದರೆ ವರ್ಷದ ಲೆಕ್ಕವೇ ಮುಗಿಯುತ್ತಿರಲಿಲ್ಲ.

ಪುಟ ತೆರೆದರೆ ಸಾಲದು. ಒಳಗೆ ಹೋಗಿ, ತುಂಬಿ, ಉಳಿಸಿ, ಮುದ್ರಿಸಿ, ಫೈಲ್ ಇಳಿಸಿ, ಮರುದಿನ ಅದೇ ದಾಖಲೆ ತೆಗೆದು ನೋಡಬೇಕು. ಅದನ್ನು ಮಾಡಲು ಆ ಕೆಲಸ ಬಲ್ಲವರೇ ಬೇಕು, ಅವರಿಗೆ ಅವರದೇ ಕೆಲಸ ತಲೆಮೇಲಿರುತ್ತದೆ. ಬ್ಯಾಂಕಿನವರು ಮಾರ್ಚಿನಲ್ಲಿ ಏನನ್ನೂ ಮುಟ್ಟಗೊಡುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೊಡಗಿನ ಎಸ್ಟೇಟ್ ಆಫೀಸಿನ ಕಂಪ್ಯೂಟರ್ ಮುಟ್ಟಬೇಡಿ ಎಂದು ಯಾರೂ ಹೇಳಬೇಕಿಲ್ಲ. ಹೀಗೆ ಕಳೆಯುತ್ತ ಹೋದರೆ ಬದಲಾವಣೆಗೆ ಉಳಿಯುವ ವಾರಗಳು ಬೆರಳೆಣಿಕೆಯಷ್ಟು.

ಬ್ರೌಸರ್ ಒಂಟಿಯಾಗಿಯೂ ಇರಲಿಲ್ಲ. ಎಕ್ಸ್‌ಪಿ ಮೇಲೆ ಕೂರುತ್ತಿದ್ದ ಕೊನೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂದರೆ 8. 2011ರಲ್ಲಿ ಬಂದ 9 ಬೇಕೆಂದರೆ ವಿಂಡೋಸ್ ಬದಲಿಸಬೇಕು, ವಿಂಡೋಸ್ ಬದಲಿಸಿದರೆ ಹಳೆಯ ಯಂತ್ರಕ್ಕೆ ಅದರ ಭಾರ ತಡೆಯದು, ಯಂತ್ರ ಬದಲಿಸಿದರೆ ಹಳೆಯ ಪ್ರಿಂಟರನ್ನು ನಡೆಸುವ ಡ್ರೈವರ್ ತಂತ್ರಾಂಶ ಸಿಗದು. ಬ್ರೌಸರ್ ಬಿಟ್ಟಿ, ಅದರ ಹಿಂದೆ ಬರುವ ಬಿಲ್ಲು ಬಿಟ್ಟಿಯಲ್ಲ. 2010ರಲ್ಲಿ ಎಕ್ಸ್‌ಪ್ಲೋರರ್ 6 ಬಿಡಿ ಎಂದು ಜನ ಮನವಿ ಕೊಟ್ಟಾಗ ಬ್ರಿಟನ್ ಸರ್ಕಾರ ಕೊಟ್ಟ ಉತ್ತರವೂ ಇದೇ. ಎಲ್ಲ ಪುಟಗಳನ್ನು ಪರೀಕ್ಷಿಸಿ ಬದಲಿಸುವ ಖರ್ಚು ದೊಡ್ಡದು ಎಂದಿತು.

ಇನ್ನೊಂದು ಕಾರಣ ಯಾವ ಕಡತದಲ್ಲೂ ಬರೆದಿರುವುದಿಲ್ಲ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಗಟ್ಟಿ. ಹೊಸ ಬ್ರೌಸರ್ ಸರಿಯಾಗಿ ಬಂದರೆ ಯಾರೂ ಗಮನಿಸುವುದಿಲ್ಲ. ಒಂದು ಬಟವಾಡೆ ನಿಂತರೆ ಯಾರು ಹಾಕಿದ್ದು ಎಂದು ಹುಡುಕುತ್ತಾರೆ. ತಡಮಾಡಿದವನ ಹೆಸರು ಎಲ್ಲೂ ಬರುವುದಿಲ್ಲ. ಹೀಗಿರುವಾಗ ಯಾವ ಮ್ಯಾನೇಜರ್ ಆದರೂ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆ ಕುರ್ಚಿಯ ಪಕ್ಕದಲ್ಲಿ ಕೂತು ನಾನೂ ಹಾಗೆ ಅಂದಿದ್ದೇನೆ.

ಬ್ರೌಸರ್ ಮಾಡುವವರ ವೇಗ ಮಾತ್ರ ಏರುತ್ತ ಹೋಯಿತು. 2011ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 4 ಬಂತು. ಕಂಪನಿಗಳು ಪರೀಕ್ಷೆ ನಡೆಸುತ್ತಿರುವಾಗಲೇ ಜೂನಿನಲ್ಲಿ 5 ಬಂತು, 4ಕ್ಕೆ ಸುರಕ್ಷತೆಯ ತಿದ್ದುಪಡಿ ಅಲ್ಲಿಗೇ ನಿಂತಿತು. ಮೂರು ತಿಂಗಳ ಶ್ರಮ ನೀರಲ್ಲಿ ಹೋದದ್ದಕ್ಕೆ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ 2012ರ ಜನವರಿಯಲ್ಲಿ, ಫೈರ್‌ಫಾಕ್ಸ್ 10ರ ಹೊತ್ತಿಗೆ, ಅದನ್ನು ಮಾಡುವ ಮೊಜಿಲ್ಲಾ, ದೊಡ್ಡ ಸಂಸ್ಥೆಗಳಿಗೆಂದೇ ಇಎಸ್‌ಆರ್ ಎಂಬ ಆವೃತ್ತಿ ತಂದಿತು. ಅದರಲ್ಲಿ ಸುಮಾರು ಒಂದು ವರ್ಷ ಸೌಲಭ್ಯಗಳು ಬದಲಾಗುವುದಿಲ್ಲ, ಸುರಕ್ಷತೆಯ ತಿದ್ದುಪಡಿ ಮಾತ್ರ ಬರುತ್ತಿರುತ್ತದೆ. ಕ್ರೋಮ್ 2021ರಿಂದ ನಾಲ್ಕು ವಾರಕ್ಕೊಂದು ಆವೃತ್ತಿ ಬಿಡಲು ಶುರುಮಾಡಿದಾಗ, ಕಂಪನಿಗಳಿಗಾಗಿ ಎಂಟು ವಾರದ ಇನ್ನೊಂದು ಸಾಲನ್ನೂ ಇಟ್ಟಿತು. ಇದನ್ನು ನಾನು ದೊಡ್ಡ ತಿಳಿವಳಿಕೆ ಎನ್ನುತ್ತೇನೆ. ಹೊಸ ಸೌಲಭ್ಯಕ್ಕೆ ಕಾಯಬಹುದು, ಸುರಕ್ಷತೆಗೆ ಕಾಯಬಾರದು. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿದ್ದೇ ತಪ್ಪಾಗಿತ್ತು.

ಕಾದರೆ ಏನಾಗುತ್ತದೆ ಎಂಬುದಕ್ಕೆ 2010ರ ಜನವರಿ ಸಾಕ್ಷಿ. ತನ್ನ ಒಳಗೆ ಕಳ್ಳರು ನುಗ್ಗಿದ್ದಾರೆಂದು ಗೂಗಲ್ ಬಹಿರಂಗವಾಗಿ ಹೇಳಿತು. ಇನ್ನೂ ಹಲವು ದೊಡ್ಡ ಕಂಪನಿಗಳಿಗೂ ಹಾಗೇ ಆಗಿತ್ತು. ಆಪರೇಷನ್ ಅರೋರಾ ಎಂದು ಹೆಸರಾದ ಆ ದಾಳಿಗೆ ಬಳಕೆಯಾದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರಿನ ಒಂದು ದೋಷ. ಕಂಡುಬಂದ ದಾಳಿಗಳು ಮುಖ್ಯವಾಗಿ ಆವೃತ್ತಿ 6ರ ಮೇಲೆ ನಡೆದಿದ್ದವು. ಜರ್ಮನಿ, ಫ್ರಾನ್ಸ್ ಸರ್ಕಾರಗಳ ಸುರಕ್ಷತಾ ಸಂಸ್ಥೆಗಳು ಸದ್ಯಕ್ಕೆ ಆ ಬ್ರೌಸರ್ ಬಳಸಬೇಡಿ ಎಂದು ಜನರಿಗೆ ಹೇಳಿದವು. ಮರುವರ್ಷ ಮೈಕ್ರೋಸಾಫ್ಟ್ ತಾನೇ ಎಕ್ಸ್‌ಪ್ಲೋರರ್ 6 ಬಿಡಿಸಲು ಪ್ರಚಾರಕ್ಕಿಳಿಯಿತು. ಹತ್ತು ವರ್ಷದ ಹಿಂದೆ ತಾನೇ ನೆಟ್ಟದ್ದನ್ನು ಕೀಳಲು ಜನರನ್ನು ಬೇಡಿಕೊಳ್ಳಬೇಕಾಯಿತು.

ಕೊಡಗಿನ ಕಷ್ಟ ಒಂದು ಇದಕ್ಕೆ ಸೇರುತ್ತದೆ. ಜೂನ್, ಜುಲೈನ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಅಷ್ಟು ದಿನ ಆಫ್ ಆಗಿದ್ದ ಕಂಪ್ಯೂಟರಿಗೆ ಅಪ್‌ಡೇಟ್ ತಲುಪುವುದಿಲ್ಲ. ಎಲ್ಲ ಕಡೆ ಒಂದೇ ಆವೃತ್ತಿ ಇದೆ ಎಂದು ಹೆಡ್ ಆಫೀಸಿನವರು ನಂಬಿ ಕೂತಿರುವಾಗ ಒಂದು ಎಸ್ಟೇಟಿನಲ್ಲಿ ಎರಡು ಆವೃತ್ತಿ ಹಿಂದಿನದು ಓಡುತ್ತಿರುತ್ತದೆ.

ರೈಟರಣ್ಣನಿಗೆ ಕೊನೆಗೆ ಅರ್ಥವಾಗುವ ಹಾಗೆ ಹೇಳಿದ್ದು ಅವರ ತೋಟದಲ್ಲೇ ನಿಂತು. ಕಣದ ಪಕ್ಕ ಒಂದು ಮುದಿ ಹಾಲುವಾಣದ ಮರ, ಬುಡ ಟೊಳ್ಳಾಗಿತ್ತು. "ಇದನ್ನ ಯಾಕೆ ಇನ್ನೂ ಕಡಿಸಿಲ್ಲ ಅಣ್ಣ?" ಅಂದೆ. "ಕಡಿಯೋಕೆ ಅರ್ಧ ದಿನ ಸಾಕು. ಮೇಲೆ ಕಾಳುಮೆಣಸಿನ ಬಳ್ಳಿ ಇದೆಯಲ್ಲ. ಕೆಳಗಿನ ಗಿಡಕ್ಕೆ ನೆರಳು ಬೇಕಲ್ಲ. ಅದಕ್ಕೇ ಆಚೆ ಕೊಂಬೆ ನೆಟ್ಟಿದ್ದೀನಿ ನೋಡು. ಅದು ಎದ್ದು, ಅದಕ್ಕೊಂದು ಬಳ್ಳಿ ಹತ್ತಿದ ಮೇಲೆ ಇದನ್ನ ಇಳಿಸೋದು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ನಿಮ್ಮದೂ ಇದೇನಾ?" ಅಂದರು.

ಇದೇ. ಕೊನೆಗೆ ಮೈಕ್ರೋಸಾಫ್ಟ್ ಹಿಡಿದದ್ದೂ ಈ ದಾರಿಯನ್ನೇ. 2020ರ ಜನವರಿಯಲ್ಲಿ ಅದು ತನ್ನ ಎಡ್ಜ್ ಬ್ರೌಸರನ್ನು ಕ್ರೋಮಿಗೆ ಆಧಾರವಾದ ಕ್ರೋಮಿಯಂ ಮೇಲೆ ಹೊಸದಾಗಿ ಕಟ್ಟಿ ತಂದಿತು, ಅದರೊಳಗೆ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಎಂಬ ಏರ್ಪಾಡು ಇಟ್ಟಿತು. ಯಾವ ಯಾವ ಪುಟ ಹಳೆಯದು ಎಂದು ಕಂಪನಿ ಒಂದು ಪಟ್ಟಿ ಬರೆದಿಡುತ್ತದೆ. ಪಟ್ಟಿಯಲ್ಲಿರುವ ಪುಟಕ್ಕೆ ಹೋದರೆ ಆ ಒಂದು ಟ್ಯಾಬ್ ಮಾತ್ರ ಹಳೆಯ ಎಕ್ಸ್‌ಪ್ಲೋರರಿನ ಎಂಜಿನ್ನಿನಲ್ಲಿ, ಅಂದರೆ ಪುಟದ ಸೂಚನೆ ಓದುವ ಒಳಭಾಗದಲ್ಲಿ, ಓಡುತ್ತದೆ, ಆ್ಯಕ್ಟಿವ್‌ಎಕ್ಸ್ ಸಮೇತ. ಮೇಲೆ ಪುಟದ ವಿಳಾಸ ಕಾಣುವ ಜಾಗದ ಎಡಕ್ಕೆ ಎಕ್ಸ್‌ಪ್ಲೋರರಿನ ಗುರುತು ಕಾಣುತ್ತದೆ. ಉಳಿದ ಜಗತ್ತನ್ನೆಲ್ಲ ಹೊಸ, ಭದ್ರವಾದ ಬ್ರೌಸರಿನಲ್ಲೇ ನೋಡಬಹುದು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ 11 ವಿದಾಯ ಹೇಳಿತು. ಐಇ ಮೋಡ್‌ಗೆ ಕನಿಷ್ಠ 2029ರವರೆಗೆ ಬೆಂಬಲವಿದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. 2001ರ ಆಸುಪಾಸಿನಲ್ಲಿ ಬರೆದ ಪುಟಗಳಿಗಾಗಿ ಅಲ್ಲಿಯವರೆಗೆ.

ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆ ಮಾಡಲು ಹಿಡಿಯುವ ತಡವನ್ನು ನಾನು ಒಪ್ಪುತ್ತೇನೆ. ಸಾವಿರ ಜನರ ಕೂಲಿ ಒಂದು ಗುಂಡಿಯ ಮೇಲೆ ನಿಂತಿರುವಾಗ ಅವಸರ ಬೇಡ. ಒಪ್ಪಲಾಗದ್ದು ಇವತ್ತಿಗೂ ಒಂದೇ ಬ್ರೌಸರಿನಲ್ಲಿ ನಡೆಯುವ ಪುಟವನ್ನು ಹೊಸದಾಗಿ ಕೊಳ್ಳುವುದು. ಎಕ್ಸ್‌ಪ್ಲೋರರ್ ಹೋಗಿ ಆ ಜಾಗಕ್ಕೆ ಕ್ರೋಮ್ ಬಂದಿದೆ, ಕ್ರೋಮಿನಲ್ಲಿ ಮಾತ್ರ ನೋಡಿ ಸರಿ ಎನ್ನುವವರು ಈಗಲೂ ಇದ್ದಾರೆ. ಟೆಂಡರ್ ಬರೆಯುವವರು ಒಂದು ಸಾಲು ಸೇರಿಸಿದರೆ ಸಾಕು: ಎಲ್ಲರೂ ಒಪ್ಪಿದ ವೆಬ್ ಮಾನದಂಡದಂತೆ ಬರೆದಿರಬೇಕು, ಕನಿಷ್ಠ ಎರಡು ಬೇರೆ ಎಂಜಿನ್ನಿನ ಬ್ರೌಸರುಗಳಲ್ಲಿ ತೋರಿಸಬೇಕು. ಕೊಳ್ಳುವ ದಿನ ಇದನ್ನು ಕೇಳಲು ದುಡ್ಡು ಹೆಚ್ಚು ಬೀಳುವುದಿಲ್ಲ. ಹತ್ತು ವರ್ಷ ಬಿಟ್ಟು ಕೇಳಿದರೆ ಬೀಳುತ್ತದೆ.

ಆ ಎಸ್ಟೇಟಿನ ಸಂಬಳದ ಪುಟ ಕೊನೆಗೂ ಹೊಸದಾಯಿತು, 2022ರ ಮಳೆಗಾಲದಲ್ಲಿ. ಅಷ್ಟು ಹೊತ್ತಿಗೆ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ನಡುನಡುವೆ ಹೋಗಿ ನೋಡುತ್ತಿದ್ದೆ. ಈ ಸಲ ಹೆಡ್ ಆಫೀಸಿನವರು ಎಲ್ಲ ಕಡೆ ಒಟ್ಟಿಗೆ ಹಾಕಲಿಲ್ಲ. ಎಸ್ಟೇಟಿನ ಒಂದೇ ಡಿವಿಷನ್, ನಾಲ್ಕು ವಾರ, ಕೆಲಸ ಕಡಿಮೆ ಇರುವಾಗ. ರೈಟರಣ್ಣ ಆ ನಾಲ್ಕೂ ವಾರ ಚೆಕ್‌ರೋಲ್ ಪುಸ್ತಕವನ್ನು ಕೈಯಲ್ಲೂ ಬರೆದರು. ಎರಡನೇ ವಾರ ಚೀಟಿ ಮುದ್ರಿಸಿದಾಗ ಅವರ ಬೆರಳು ಒಂದು ಕಡೆ ನಿಂತಿತು. ಪರದೆಯ ಮೇಲೆ ಏಳು ಖಾನೆ, ಕಾಗದದ ಮೇಲೆ ಆರು. ಹೊಸ ಬ್ರೌಸರ್ ಕಾಗದದ ಅಂಚಿಗೆ ಬಿಡುವ ಜಾಗ ಬೇರೆಯಾಗಿತ್ತು, ಕೊನೆಯ ಖಾನೆ ಆಚೆ ಹೋಗಿ ಕತ್ತರಿಸಿ ಹೋಗಿತ್ತು. ಅದು ಮುಂಗಡದ ಕಡಿತದ ಖಾನೆ. ಯಾರ ಕೂಲಿಯಿಂದ ಎಷ್ಟು ಹಿಡಿದಿದ್ದಾರೆಂದು ತಿಳಿಯುವುದು ಅಲ್ಲೇ. "ಇದಿಲ್ಲದ ಚೀಟಿ ನಾನು ಯಾರ ಕೈಗೂ ಕೊಡಲ್ಲ" ಎಂದು ಅವರು ಆ ವಾರ ಪ್ರತಿ ಚೀಟಿಯ ಹಿಂದೆ ನೀಲಿ ಪೆನ್ನಿನಲ್ಲಿ ಕಡಿತದ ಅಂಕಿ ಬರೆದರು, ಫೋನ್ ಎತ್ತಿ ಹೆಡ್ ಆಫೀಸಿಗೆ ಹೇಳಿದರು. ಮೂರು ದಿನದಲ್ಲಿ ಸರಿಮಾಡಿ ಕಳಿಸಿದರು. ಮೂರನೇ ವಾರದ ಚೀಟಿಯಲ್ಲಿ ಏಳೂ ಖಾನೆ ಇದ್ದವು.